ಪರದೆಯ ಆಚೆ ಕೂತವರು ನಿಜವಾಗಿ ಕೇಳುತ್ತಿದ್ದಾರಾ?

ನಮಸ್ಕಾರ ಕೇಳುಗರೇ.

ಆನ್‌ಲೈನ್ ಥೆರಪಿಸ್ಟ್ ಒಬ್ಬರನ್ನು ಆರಿಸಿಕೊಳ್ಳುವುದು ಹೇಗೆ? ಅದರಲ್ಲೂ ವ್ಯಕ್ತಿ-ಕೇಂದ್ರಿತ ಚಿಕಿತ್ಸೆ ಅಂತ ಕರೆಯುವ ಪದ್ಧತಿಯಲ್ಲಿ ಕೆಲಸ ಮಾಡುವವರನ್ನು? ಇವತ್ತು ಅದರ ಬಗ್ಗೆ ಮಾತಾಡೋಣ.

ಹುಡುಕುವುದೇನೋ ಸುಲಭ. ಫೋನಿನಲ್ಲಿ ನಾಲ್ಕು ಅಕ್ಷರ ಒತ್ತಿದರೆ ನಗುಮುಖದ ಫೋಟೋಗಳು ಸಾಲಾಗಿ ಬರುತ್ತವೆ. ಪ್ರತಿ ಫೋಟೋದ ಕೆಳಗೂ ಹತ್ತಾರು ಪದ್ಧತಿಗಳ ಹೆಸರು. ಅದರಲ್ಲಿ ವ್ಯಕ್ತಿ-ಕೇಂದ್ರಿತ ಅನ್ನುವುದೂ ಎಷ್ಟೋ ಕಡೆ ಇರುತ್ತದೆ. ಟಿಕ್ ಹಾಕುವುದಕ್ಕೆ ಖರ್ಚೇನೂ ಇಲ್ಲವಲ್ಲ! ಹಾಗಾಗಿ ಆ ಪಟ್ಟಿಯನ್ನು ನಾನು ಜಾಸ್ತಿ ನಂಬುವುದಿಲ್ಲ. ಒಬ್ಬರು ನಿಜಕ್ಕೂ ಹಾಗೆ ಕೆಲಸ ಮಾಡುತ್ತಾರೋ ಇಲ್ಲವೋ ಅನ್ನುವುದು ಅವರ ಜೊತೆ ಮಾತಿಗೆ ಕೂತಾಗಲೇ ಗೊತ್ತಾಗುವುದು.

ಮೊದಲು ಈ ಪದ್ಧತಿ ಎಲ್ಲಿಂದ ಬಂತು ಅಂತ ನೋಡೋಣ. ಇದನ್ನು ಕಟ್ಟಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್. ಹುಟ್ಟಿದ್ದು 1902ರಲ್ಲಿ, ತೀರಿಕೊಂಡಿದ್ದು 1987ರಲ್ಲಿ. ಓದು ಮುಗಿಸಿ ಕೆಲಸಕ್ಕೆ ಸೇರಿದ್ದು ರಾಚೆಸ್ಟರ್ ಅನ್ನುವ ಊರಿನಲ್ಲಿ, ಮಕ್ಕಳ ಸಮಸ್ಯೆಗಳನ್ನು ನೋಡುವ ಒಂದು ಸಂಸ್ಥೆಯಲ್ಲಿ. ಅಲ್ಲಿನ ಒಂದು ಪ್ರಸಂಗವನ್ನು ಅವರೇ ಬರೆದಿಟ್ಟಿದ್ದಾರೆ. ಒಬ್ಬ ತಾಯಿ ಬರುತ್ತಿದ್ದರು, ಮಗ ಮಹಾ ತುಂಟ. ಅಮ್ಮ ಮಗುವನ್ನು ಮನಸ್ಸಿನಿಂದ ಒಪ್ಪಿಕೊಂಡಿಲ್ಲ, ತೊಂದರೆಯ ಬೇರು ಅಲ್ಲೇ ಇದೆ ಅಂತ ರೋಜರ್ಸ್‌ಗೆ ಅನಿಸಿತ್ತು. ಅದನ್ನು ಆಕೆಗೆ ಕಾಣಿಸಬೇಕು ಅಂತ ಎಷ್ಟೋ ಸಲ ಪ್ರಯತ್ನಿಸಿದರು. ಏನೂ ಆಗಲಿಲ್ಲ. ಕೊನೆಗೆ, ಇಬ್ಬರೂ ಪ್ರಯತ್ನ ಪಟ್ಟೆವು, ಆಗಲಿಲ್ಲ, ಇಲ್ಲಿಗೆ ನಿಲ್ಲಿಸೋಣ ಅಂದರು. ಆಕೆಯೂ ಒಪ್ಪಿ ಎದ್ದರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುತ್ತೀರಾ ಅಂತ ಕೇಳಿದರು. ಹೌದು ಅಂದಾಗ ವಾಪಸ್ ಬಂದು ಕೂತು, ತಮ್ಮ ದಾಂಪತ್ಯದ ನೋವನ್ನೆಲ್ಲ ಹೇಳಿಕೊಂಡರು. ನಿಜವಾದ ಚಿಕಿತ್ಸೆ ಶುರುವಾಗಿದ್ದು ಆಗ. ಮಗನ ಸಮಸ್ಯೆಯೂ ಆಮೇಲೆ ಸರಿಹೋಯಿತು.

ಎಲ್ಲಿ ನೋಯುತ್ತಿದೆ, ಯಾವ ಕಡೆ ಹೋಗಬೇಕು ಅನ್ನುವುದು ಬಂದವರಿಗೇ ಗೊತ್ತಿರುತ್ತದೆ. ಈ ಪ್ರಸಂಗದಿಂದ ರೋಜರ್ಸ್ ಕಂಡುಕೊಂಡಿದ್ದು ಅದನ್ನು. ಹಾಗಾದರೆ ಥೆರಪಿಸ್ಟ್ ಕೆಲಸ ಏನು? 1957ರಲ್ಲಿ ಅವರು ಒಂದು ಲೇಖನ ಬರೆದು, ಮನುಷ್ಯ ಬದಲಾಗಬೇಕಾದರೆ ಇರಬೇಕಾದ ಆರು ಷರತ್ತುಗಳನ್ನು ಹೇಳಿದರು. ಅದರಲ್ಲಿ ಮೂರು ತುಂಬಾ ಹೆಸರಾದವು. ಥೆರಪಿಸ್ಟ್ ಒಳಗೊಂದು ಹೊರಗೊಂದು ಇರಬಾರದು. ಎದುರಿಗಿರುವವರನ್ನು ಷರತ್ತು ಹಾಕದೆ ಆದರದಿಂದ ಕಾಣಬೇಕು. ಅವರ ಲೋಕವನ್ನು ಅವರ ಕಣ್ಣಿನಿಂದಲೇ ನೋಡಲು ಪ್ರಯತ್ನಿಸಬೇಕು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಪಟ್ಟಿಯ ಕೊನೆಯ ಷರತ್ತನ್ನು ಮಾತ್ರ ಸುಮಾರು ಜನ ಮರೆತುಬಿಡುತ್ತಾರೆ. ಥೆರಪಿಸ್ಟ್‌ಗೆ ಇರುವ ಆ ಆದರ, ಆ ಅರ್ಥಮಾಡಿಕೊಳ್ಳುವಿಕೆ, ಬಂದವರಿಗೆ ಸ್ವಲ್ಪ ಮಟ್ಟಿಗಾದರೂ ತಲುಪಿರಬೇಕು. ಅಂದರೆ ಥೆರಪಿಸ್ಟ್ ಎಷ್ಟೇ ಒಳ್ಳೆಯವರಿರಲಿ, ಅದು ನಿಮಗೆ ತಲುಪದಿದ್ದರೆ ಲೆಕ್ಕಕ್ಕಿಲ್ಲ.

ಆಯ್ಕೆಯ ವಿಷಯಕ್ಕೆ ಬಂದರೆ ಇದು ದೊಡ್ಡ ಮಾತು. ಸ್ಟಾರ್ ರೇಟಿಂಗ್ ಕೊಟ್ಟವರು ಬೇರೆಯವರು. ತಲುಪಿತೋ ಇಲ್ಲವೋ ಅಂತ ಹೇಳಬಲ್ಲವರು ನೀವೊಬ್ಬರೇ.

ಆದರೆ ಈ ಪದ್ಧತಿ ಎಲ್ಲರಿಗೂ, ಎಲ್ಲದಕ್ಕೂ ಅಲ್ಲ. ಇಂಗ್ಲೆಂಡಿನಲ್ಲಿ ಖಿನ್ನತೆ ಇದ್ದ 510 ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2021ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ವ್ಯಕ್ತಿ-ಕೇಂದ್ರಿತ ಪದ್ಧತಿಯ ಒಂದು ರೂಪ, ಇನ್ನೊಂದು ಗುಂಪಿಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಪದ್ಧತಿ. ಆರು ತಿಂಗಳಿಗೆ ನೋಡಿದಾಗ ವ್ಯಕ್ತಿ-ಕೇಂದ್ರಿತ ಪದ್ಧತಿ ಹಿಂದೆ ಬಿದ್ದಿರಲಿಲ್ಲ. ಒಂದು ವರ್ಷಕ್ಕೆ ನೋಡಿದಾಗ ಸಿಬಿಟಿ ಮುಂದಿತ್ತು. ಎರಡನ್ನೂ ಸೇರಿಸಿ ಹೇಳುವುದೇ ಸರಿ. ಇನ್ನು, ಕೈ ತೊಳೆದಷ್ಟೂ ಸಮಾಧಾನ ಆಗದಂಥ ಗೀಳು, ಮನೆಯಿಂದ ಹೊರಗೆ ಕಾಲಿಡಲು ಬಿಡದ ಭಯ, ಇಂಥವಕ್ಕೆ ಅವುಗಳದ್ದೇ ಅಭ್ಯಾಸಗಳಿರುವ ಚಿಕಿತ್ಸೆಗಳಿವೆ. ಅವನ್ನೇ ಮೊದಲು ಕೇಳಿ ನೋಡಿ. ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಉಬ್ಬಿದ ಉತ್ಸಾಹ ಇದ್ದರೆ ಮನೋವೈದ್ಯರನ್ನು ಕಾಣಬೇಕು. ಸಾಯಬೇಕು ಅನ್ನುವ ಯೋಚನೆ ಗಟ್ಟಿಯಾಗುತ್ತಿದ್ದರಂತೂ ಮುಂದಿನ ವಾರದ ಸೆಷನ್‌ಗೆ ಕಾಯಬೇಡಿ. ಆಸ್ಪತ್ರೆ, ತುರ್ತು ಸಹಾಯವಾಣಿ, ಪಕ್ಕದಲ್ಲಿರುವ ಒಬ್ಬ ಮನುಷ್ಯ, ಯಾವುದು ಬೇಗ ಸಿಗುತ್ತದೋ ಅದು.

ಈಗ ಮೊದಲ ಮಾತುಕತೆಗೆ ಬರೋಣ. ತುಂಬಾ ಥೆರಪಿಸ್ಟ್‌ಗಳು ಶುರುವಿನಲ್ಲಿ ಒಂದು ಚಿಕ್ಕ ಪರಿಚಯದ ಕರೆಗೆ ಒಪ್ಪುತ್ತಾರೆ. ಅದನ್ನು ಬಿಡಬೇಡಿ. ಅವರು ನಿಮ್ಮನ್ನು ಪರೀಕ್ಷೆ ಮಾಡುವ ಕರೆ ಅಲ್ಲ ಅದು. ನಿಮಗೂ ಕೇಳುವ ಹಕ್ಕಿದೆ. ಎಷ್ಟು ವರ್ಷ ತರಬೇತಿ ಆಗಿದೆ, ಎಲ್ಲಿ ನೋಂದಣಿ ಇದೆ, ದೂರು ಕೊಡಬೇಕಾದರೆ ಯಾರಿಗೆ ಕೊಡಬೇಕು? ಇದನ್ನೆಲ್ಲ ನೇರವಾಗಿ ಕೇಳಿ. ಸಂಕೋಚ ಬೇಡ. ಅವರ ಕೆಲಸವನ್ನು ನೋಡಿ ಹೇಳುವ ಹಿರಿಯ ಥೆರಪಿಸ್ಟ್ ಒಬ್ಬರು ಇದ್ದಾರಾ ಅಂತಲೂ ಕೇಳಿ. ಇಂಥ ಮೇಲ್ವಿಚಾರಣೆಗೆ ಸೂಪರ್‌ವಿಷನ್ ಅನ್ನುತ್ತಾರೆ. ಎಷ್ಟೇ ಅನುಭವ ಇದ್ದರೂ ಇದನ್ನು ಬಿಡದವರ ಮೇಲೆ ನನಗೆ ಗೌರವ ಜಾಸ್ತಿ.

ಆಮೇಲೆ ಒಂದು ಬೇರೆ ಥರದ ಪ್ರಶ್ನೆ. "ಏನು ಮಾತಾಡಬೇಕು ಅಂತಲೇ ನನಗೆ ಗೊತ್ತಿಲ್ಲ. ಹಾಗಾದಾಗ ನೀವು ಏನು ಮಾಡುತ್ತೀರಿ?" ಉತ್ತರ ಗಮನಿಸಿ. ಕೆಲವರು ತಕ್ಷಣ ತಮ್ಮ ಹನ್ನೆರಡು ವಾರದ ಕಾರ್ಯಕ್ರಮ ವಿವರಿಸಲು ಶುರು ಮಾಡುತ್ತಾರೆ. ಅದು ಕೆಟ್ಟದ್ದೇನಲ್ಲ, ಆದರೆ ವ್ಯಕ್ತಿ-ಕೇಂದ್ರಿತ ಅಲ್ಲ. ಇನ್ನು ಕೆಲವರು, ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅಲ್ಲಿಂದಲೇ ಶುರು ಮಾಡೋಣ ಅನ್ನುತ್ತಾರೆ. ಹೇಳಿ ಸುಮ್ಮನಾಗುತ್ತಾರೆ. ನಿಮಗೆ ಜಾಗ ಬಿಡುತ್ತಾರೆ. ನೀವು ಹುಡುಕುತ್ತಿರುವುದು ಆ ಜಾಗವನ್ನು.

ಆದರೆ ಸುಮ್ಮನೆ ಕೂತವರೆಲ್ಲ ಕೇಳುತ್ತಿದ್ದಾರೆ ಅಂತೇನಿಲ್ಲ. ಈ ಪದ್ಧತಿಯ ನಕಲು ಬಲು ಸುಲಭ. ನೀವು "ಬೇಜಾರಾಗಿದೆ" ಅಂದರೆ "ಓ, ಬೇಜಾರಾಗಿದೆ" ಅನ್ನುವುದು. "ಅಮ್ಮನ ಮೇಲೆ ಸಿಟ್ಟು" ಅಂದರೆ "ಅಮ್ಮನ ಮೇಲೆ ಸಿಟ್ಟು ಇದೆ ಅಂತೀರಿ" ಅನ್ನುವುದು. ಗಿಳಿಪಾಠ. ಎಷ್ಟು ಸುಲಭ ಅಂದರೆ 1966ರಲ್ಲೇ ಒಂದು ಕಂಪ್ಯೂಟರ್ ಇದನ್ನು ಮಾಡಿ ತೋರಿಸಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಬರೆದ ಎಲೈಜಾ ಅನ್ನುವ ಪ್ರೋಗ್ರಾಂ ಅದು. ಟೈಪ್ ಮಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು, ರೋಜರ್ಸ್ ಶೈಲಿಯ ಥೆರಪಿಸ್ಟ್ ಥರ. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಹಾಗಿದ್ದರೂ ವೈಜೆನ್‌ಬಾಮ್ ಅವರ ಕಾರ್ಯದರ್ಶಿ ಅದರ ಜೊತೆ ಸ್ವಲ್ಪ ಹೊತ್ತು ಮಾತಾಡಿದ ಮೇಲೆ, ನೀವು ಕೋಣೆಯಿಂದ ಆಚೆ ಹೋಗುತ್ತೀರಾ ಅಂತ ಅವರನ್ನೇ ಕೇಳಿದರಂತೆ! ಯಾರಾದರೂ ಕೇಳಲಿ ಅನ್ನುವ ಹಸಿವು ಮನುಷ್ಯರಲ್ಲಿ ಅಷ್ಟಿದೆ. ಆ ಹಸಿವಿನಲ್ಲಿ ನಾವು ಗಿಳಿಪಾಠಕ್ಕೂ ಮೋಸ ಹೋಗಬಹುದು, ಅಲ್ವಾ?

ರೋಜರ್ಸ್ ಕೂಡ ಎದುರಿನವರ ಮಾತನ್ನು ಮತ್ತೆ ಹೇಳುತ್ತಿದ್ದರು, ನಿಜ. ಆದರೆ ತಾನು ಅರ್ಥಮಾಡಿಕೊಂಡಿದ್ದು ಸರಿಯಾ ಅಂತ ವಿಚಾರಿಸಿ ನೋಡುತ್ತಿದ್ದೆ ಅಷ್ಟೇ ಅಂತ ಕೊನೆಗಾಲದಲ್ಲಿ ಅವರು ಬರೆದರು. ಇಲ್ಲೇ ಇರುವುದು ವ್ಯತ್ಯಾಸ. ವಿಚಾರಿಸುವವರಿಗೆ "ಇಲ್ಲ, ಹಾಗಲ್ಲ" ಅನ್ನುವ ಉತ್ತರ ಬೇಕಿರುತ್ತದೆ. ನೀವು ತಿದ್ದಿದರೆ ಅವರಿಗೆ ಖುಷಿ. ಗಿಳಿಪಾಠದವರನ್ನು ತಿದ್ದಿದರೆ ಅವರು ಗಲಿಬಿಲಿ ಆಗುತ್ತಾರೆ, ಇಲ್ಲವೇ ತಿದ್ದಿದ್ದನ್ನೇ ಮತ್ತೆ ಗಿಳಿಪಾಠ ಮಾಡುತ್ತಾರೆ.

ಹಾಗಾಗಿ ನನ್ನ ಪ್ರಕಾರ ಒಳ್ಳೆಯ ಪರೀಕ್ಷೆ ಒಂದೇ. ಎರಡನೆಯದೋ ಮೂರನೆಯದೋ ಸೆಷನ್‌ನಲ್ಲಿ, ಅವರಲ್ಲಿ ನಿಮಗೆ ಹಿಡಿಸದ ಒಂದು ಚಿಕ್ಕ ವಿಷಯವನ್ನು ಹೇಳಿ ನೋಡಿ. ಸುಮ್ನೆ ಕಲ್ಪಿಸಿಕೊಂಡು ಹೇಳುವುದು ಬೇಡ, ನಿಜವಾಗಿ ಅನಿಸಿದ್ದನ್ನೇ ಹೇಳಿ. "ಹೋದ ಸಲ ನಾನು ಅಳುತ್ತಿದ್ದಾಗ ನೀವು ಗಡಿಯಾರ ನೋಡಿದಿರಿ ಅನಿಸಿತು." "ನೀವು ಅಷ್ಟು ಬೇಗ ಧೈರ್ಯ ಹೇಳಿದ್ದು ನನಗೆ ಹಿಡಿಸಲಿಲ್ಲ." ಹೇಳುವುದು ಕಷ್ಟ. ಹಿರಿಯರಿಗೆ, ಓದಿದವರಿಗೆ ಎದುರಾಡಬಾರದು ಅಂತ ಬೆಳೆದವರಿಗೆ ಇನ್ನೂ ಕಷ್ಟ. ಆದರೂ ಹೇಳಿ. ಆಗ ಎದುರಿಗಿರುವವರು ಏನು ಮಾಡುತ್ತಾರೆ? ಸಮರ್ಥನೆ ಕೊಡುತ್ತಾರಾ? ನಿಮಗೆ ಎಲ್ಲರ ಮೇಲೂ ಅನುಮಾನ, ಅದೇ ನಿಮ್ಮ ಸಮಸ್ಯೆ ಅಂತ ಮಾತನ್ನು ನಿಮ್ಮ ಮೇಲೇ ತಿರುಗಿಸುತ್ತಾರಾ? ಅಥವಾ, ಹೌದು, ನೋಡಿದೆ, ಆಗ ನಿಮಗೆ ಹೇಗಾಯಿತು ಅಂತ ಕೇಳುತ್ತಾರಾ? ಒಳಗೊಂದು ಹೊರಗೊಂದು ಇಲ್ಲದಿರುವುದು ಅಂದರೆ ಏನು ಅಂತ ಆ ಒಂದು ನಿಮಿಷದಲ್ಲಿ ಕಾಣುತ್ತದೆ. ತುಂಬಾ ಹೊಗಳುವ, ಎಲ್ಲದಕ್ಕೂ ತಲೆಯಾಡಿಸುವ ಥೆರಪಿಸ್ಟ್‌ಗಿಂತ, ಇಂಥ ಮಾತನ್ನು ಕಿವಿಗೊಟ್ಟು ಕೇಳುವವರು ಮೇಲು.

ಇನ್ನು ಪರದೆಯ ಸಮಾಚಾರ. ಈ ಪದ್ಧತಿಯಲ್ಲಿ ಮೌನಕ್ಕೆ ತುಂಬಾ ಬೆಲೆ. ಆನ್‌ಲೈನ್‌ನಲ್ಲಿ ಮೌನವೇ ದೊಡ್ಡ ತಲೆನೋವು. ಅವರು ಸುಮ್ಮನಿದ್ದಾರಾ, ನೆಟ್ ಹೋಯಿತಾ? ಮನಸ್ಸು ಬಿಚ್ಚುವ ಹೊತ್ತಿಗೆ ಸರಿಯಾಗಿ "ಹಲೋ, ಕೇಳಿಸ್ತಿದೆಯಾ" ಅನ್ನಬೇಕಾಗುತ್ತದೆ. ಅನುಭವ ಇರುವವರು ಇದಕ್ಕೆ ಮೊದಲೇ ಒಂದು ದಾರಿ ಮಾಡಿಕೊಂಡಿರುತ್ತಾರೆ. ಕರೆ ಕಡಿದರೆ ಯಾರು ಯಾರಿಗೆ ಫೋನ್ ಮಾಡಬೇಕು ಅಂತ ಮೊದಲ ದಿನವೇ ಹೇಳುತ್ತಾರೆ. ಕಣ್ಣಿಗೆ ಕಣ್ಣು ಕೊಡುವುದೂ ಇಲ್ಲಿ ಆಗದ ಮಾತು. ಅವರು ನಿಮ್ಮ ಮುಖ ನೋಡಿದರೆ ಕ್ಯಾಮೆರಾ ಬಿಟ್ಟಂತೆ, ಕ್ಯಾಮೆರಾ ನೋಡಿದರೆ ಮುಖ ಬಿಟ್ಟಂತೆ. ಅದಕ್ಕೆ ತಪ್ಪು ತಿಳಿಯಬೇಡಿ. ನಿಮ್ಮದೇ ಮುಖ ಪರದೆಯ ಮೂಲೆಯಲ್ಲಿ ಕಾಣುತ್ತಿದ್ದರೆ ಅದನ್ನು ಮುಚ್ಚಿಬಿಡಿ. ಅಳುವಾಗ ತನ್ನನ್ನೇ ನೋಡಿಕೊಳ್ಳುವುದು ಯಾರಿಗೆ ಬೇಕು?

ಬರೀ ದನಿಯಲ್ಲಿ ಮಾತಾಡುವುದು, ಬರೆದು ಕಳಿಸುವುದು, ಇವೂ ಇವೆ. ಮುಖ ತೋರಿಸಬೇಕಿಲ್ಲದಾಗ ಜನ ಬೇಗ ಮನಸ್ಸು ಬಿಚ್ಚುತ್ತಾರೆ. ಇದನ್ನು 2004ರಲ್ಲೇ ಮನಶ್ಶಾಸ್ತ್ರಜ್ಞ ಜಾನ್ ಸೂಲರ್ ವಿವರವಾಗಿ ಬರೆದರು. ಒಳ್ಳೆಯದೇ. ಆದರೆ ರಾತ್ರಿ ಎಲ್ಲ ಬರೆದು ಕಳಿಸಿ ಬೆಳಿಗ್ಗೆ ಎದ್ದಾಗ, ಅಯ್ಯೋ ಯಾಕೆ ಹೇಳಿದೆ ಅನಿಸುವುದೂ ಉಂಟು. ಎಷ್ಟೋ ಜನ ಥೆರಪಿ ಬಿಡುವುದು ಆ ನಾಚಿಕೆಯಿಂದಲೇ ಅಂತ ನನ್ನ ಊಹೆ. ಹಾಗನಿಸಿದರೆ ಮುಂದಿನ ಸೆಷನ್‌ನಲ್ಲಿ ಅದನ್ನೇ ಮೊದಲ ಮಾತಾಗಿ ಇಡಿ.

ಗುಟ್ಟಿನ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನೀವು ಹೇಳಿದ್ದು ಥೆರಪಿಸ್ಟ್ ಕಿವಿಗೆ ಮಾತ್ರ ಬೀಳುತ್ತದೆ ಅಂದುಕೊಳ್ಳಬೇಡಿ. ನಡುವೆ ಒಂದು ಕಂಪನಿ ಇರುತ್ತದೆ. 2023ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಬೆಟರ್‌ಹೆಲ್ಪ್ ಅನ್ನುವ ದೊಡ್ಡ ಆನ್‌ಲೈನ್ ಥೆರಪಿ ಕಂಪನಿಯ ಮೇಲೆ ಆರೋಪ ಹೊರಿಸಿತು. ಬಳಕೆದಾರರ ಇಮೇಲ್ ಮತ್ತು ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥವರ ಜೊತೆ ಹಂಚಿಕೊಂಡಿದೆ ಅನ್ನುವುದು ಆರೋಪ. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ, ಆದರೆ 78 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಹಾಗಾಗಿ ಆ್ಯಪ್‌ನ ಪ್ರಶ್ನಾವಳಿ ತುಂಬುವ ಮೊದಲೇ ಯೋಚಿಸಿ. ಥೆರಪಿಸ್ಟ್ ಯಾರು ಅಂತ ಗೊತ್ತಾಗುವ ಮುಂಚೆಯೇ ಅಷ್ಟೆಲ್ಲ ಹೇಳಬೇಕಾ? ಸೆಷನ್ ರೆಕಾರ್ಡ್ ಆಗುತ್ತದಾ, ಟಿಪ್ಪಣಿ ಬರೆಯುವುದು ಮನುಷ್ಯರಾ ಯಂತ್ರವಾ ಅಂತ ಕೇಳಿ. ರೋಜರ್ಸ್ ಕಾಲದಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಸೆಷನ್ ಮುದ್ರಿಸುತ್ತಿದ್ದರು. ಸಂಶೋಧನೆಗಾಗಿ ಹಾಗೆ ರೆಕಾರ್ಡ್ ಮಾಡಿದವರಲ್ಲಿ ಅವರು ಮೊದಲಿಗರು. ಅಷ್ಟು ದೊಡ್ಡ ಯಂತ್ರವನ್ನು ಬಚ್ಚಿಡುವುದು ಸುಲಭವಲ್ಲ. ಈಗ ಒಂದು ಗುಂಡಿ ಒತ್ತಿದರೆ ಸಾಕು.

ಇನ್ನೊಂದು ವಿಷಯ. ನೀವೀಗ ಎಲ್ಲಿ ಕೂತಿದ್ದೀರಿ, ತುರ್ತು ಬಂದರೆ ಯಾರಿಗೆ ತಿಳಿಸಬೇಕು ಅಂತ ಥೆರಪಿಸ್ಟ್ ಮೊದಲೇ ಕೇಳಿದರೆ ಅದು ಜವಾಬ್ದಾರಿಯ ಗುರುತು. ದೂರದಲ್ಲಿ ಕೂತವರಿಗೆ ಬೇರೆ ದಾರಿ ಇಲ್ಲ. ಬೇರೆ ದೇಶದವರನ್ನು ಆರಿಸುವುದಾದರೆ, ನೀವಿರುವ ಜಾಗದಲ್ಲಿ ಅವರಿಗೆ ಚಿಕಿತ್ಸೆ ಕೊಡಲು ಅನುಮತಿ ಇದೆಯಾ ಅಂತ ವಿಚಾರಿಸಿ. ಎಷ್ಟೋ ಕಡೆ ಕಾನೂನು ನೋಡುವುದು ಚಿಕಿತ್ಸೆ ಪಡೆಯುವವರು ಎಲ್ಲಿದ್ದಾರೆ ಅನ್ನುವುದನ್ನು.

ಇಷ್ಟೆಲ್ಲ ನೋಡಿ ಆರಿಸಿಕೊಂಡ ಮೇಲೂ ಹೊಂದಾಣಿಕೆ ಆಗದಿರಬಹುದು. ಮೊದಲ ಸೆಷನ್‌ನಲ್ಲೇ ಹಗುರ ಆಗಬೇಕು ಅಂತೇನಿಲ್ಲ, ಕೆಲವೊಮ್ಮೆ ಭಾರ ಜಾಸ್ತಿಯಾದಂತೆಯೂ ಅನಿಸುತ್ತದೆ. ಆದರೆ ಕೆಲವು ವಾರ ಕಳೆದರೂ, ಅವರ ಮುಂದೆ ಮಾತನ್ನು ಅಳೆದು ತೂಗಿಯೇ ಆಡುತ್ತಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮೊದಲು ಅವರಿಗೇ ಹೇಳಿ ನೋಡಿ. ಆಗಲೂ ಬದಲಾಗದಿದ್ದರೆ ಬಿಡಬಹುದು. ಆನ್‌ಲೈನ್‌ನಲ್ಲಿ ಬಿಡುವುದು ಅಂದರೆ ಸುಮ್ಮನೆ ಮಾಯವಾಗುವುದು ಅಂತಾಗಿದೆ. ಫೋನ್ ಎತ್ತದಿದ್ದರಾಯಿತು. ನಾನು ಅದಕ್ಕಿಂತ ಎರಡು ಸಾಲು ಬರೆಯುವುದು ಒಳ್ಳೆಯದು ಅನ್ನುತ್ತೇನೆ. "ನಮ್ಮಿಬ್ಬರಿಗೆ ಹೊಂದುತ್ತಿಲ್ಲ ಅನಿಸುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ. ಬೇರೆ ಯಾರನ್ನಾದರೂ ಸೂಚಿಸುತ್ತೀರಾ?" ಕಾರಣ ಕೊಡಲೇಬೇಕು ಅಂತೇನಿಲ್ಲ. ಅವರು ಬೇಸರ ಮಾಡಿಕೊಳ್ಳದೆ ಒಂದೆರಡು ಹೆಸರು ಕಳಿಸಿದರೆ ಬರೆದಿಟ್ಟುಕೊಳ್ಳಿ. ಹುಡುಕಾಟವನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.

ನಮಸ್ಕಾರ.