ವಿಹಾರ ದೋಣಿಯ ಜೆಟ್ಟಿಗೆ ಹಣ ಬರಬೇಕಾದ ದಾರಿ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಹಲಸೂರು ಕೆರೆಯಿಂದ ಹೊನ್ನಾವರದ ಶರಾವತಿ ಅಳಿವೆಯ ಕಾಂಡ್ಲಾ ವನದವರೆಗೆ, ರಂಗನತಿಟ್ಟಿನಿಂದ ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದವರೆಗೆ, ರಜೆ ಬಂತೆಂದರೆ ದೋಣಿ ಏರಲು ಕುಟುಂಬಗಳು ಸಾಲುಗಟ್ಟಿ ನಿಲ್ಲುತ್ತವೆ. ಟಿಕೆಟಿನ ದರ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ, ಕಾಲಿಡುವ ಜೆಟ್ಟಿಯನ್ನು ಯಾರು ಕಟ್ಟಿಸಿದರು, ಮಳೆಗಾಲದಲ್ಲಿ ಅದರ ಹಲಗೆ ಕೊಳೆತರೆ ಬದಲಿಸುವವರು ಯಾರು ಎಂದು ಕೇಳುವವರು ವಿರಳ. ಸಾರ್ವಜನಿಕ ದೋಣಿವಿಹಾರದ ಸುರಕ್ಷತೆಯು ದೋಣಿ ನಡೆಸುವವನ ಎಚ್ಚರದಷ್ಟೇ ಹಣಕಾಸಿನ ಏರ್ಪಾಡನ್ನೂ ಅವಲಂಬಿಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂದಿನ ಮಾತೆಲ್ಲ ಅದರ ಬಗ್ಗೆಯೇ.

ಕೆರೆಯನ್ನೋ ಹಿನ್ನೀರಿನ ಒಂದು ಭಾಗವನ್ನೋ ದೋಣಿವಿಹಾರಕ್ಕೆಂದು ಗುತ್ತಿಗೆ ಕೊಡುವುದು ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಕ್ರಮಗಳಲ್ಲಿ ಒಂದು. ಹೆಚ್ಚು ಮೊತ್ತ ಕೂಗಿದವರಿಗೆ ಗುತ್ತಿಗೆ ಸಿಗುತ್ತದೆ. ಅವಧಿ ಕೆಲವೇ ವರ್ಷಗಳದ್ದು. ಅದರಲ್ಲಿಯೂ ಮಳೆಗಾಲದ ತಿಂಗಳುಗಳು ಕಳೆದುಹೋಗುತ್ತವೆ. ಕಟ್ಟಿದ ಹಣ ಉಳಿದ ದಿನಗಳಲ್ಲಿ, ಅದರಲ್ಲಿಯೂ ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ, ಹುಟ್ಟಬೇಕು. ಇಂಥ ಒತ್ತಡದಲ್ಲಿರುವ ಗುತ್ತಿಗೆದಾರ ಒಂದೊಂದು ಸುತ್ತಿಗೂ ನಾಲ್ಕು ಜನರನ್ನು ಹೆಚ್ಚು ಹತ್ತಿಸಿಕೊಳ್ಳಲು ಮನಸ್ಸು ಮಾಡಿದರೆ ಆಶ್ಚರ್ಯಪಡಬೇಕಾಗಿಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮೀನುಗಾರಿಕೆಯ ದೋಣಿಯನ್ನು ವಿಹಾರಕ್ಕೆಂದು ಮಾರ್ಪಡಿಸಿ, ಮಿತಿ ಮೀರಿ ಜನರನ್ನು ತುಂಬಿದ್ದರಿಂದ ಅದು ಮಗುಚಿ 22 ಮಂದಿ ತೀರಿಕೊಂಡರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಹನ್ನೆರಡು ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಮುಳುಗಿದರು. ಆ ದೋಣಿಯಲ್ಲಿದ್ದ ಎಲ್ಲ ಮಕ್ಕಳಿಗೂ ಲೈಫ್ ಜಾಕೆಟ್ ತೊಡಿಸಿರಲಿಲ್ಲ. ದುರಂತ ನಡೆದಾಗ ಬಂಧನ, ತನಿಖೆ, ಪರಿಹಾರ ಎಲ್ಲವೂ ಆಗುತ್ತವೆ. ಅಧಿಕ ಮೊತ್ತಕ್ಕೆ ಗುತ್ತಿಗೆ ಎಂಬ ಷರತ್ತು ಮಾತ್ರ ಮುಂದಿನ ಟೆಂಡರಿನಲ್ಲಿಯೂ ಇದ್ದಲ್ಲಿಯೇ ಇರುತ್ತದೆ.

ಬೇರೆ ದಾರಿ ಇಲ್ಲವೆ? ಈ ವಿಷಯದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿ 1950ರಲ್ಲಿ, ಡಿಂಗೆಲ್ ಮತ್ತು ಜಾನ್ಸನ್ ಎಂಬ ಇಬ್ಬರು ಜನಪ್ರತಿನಿಧಿಗಳ ಹೆಸರಿನಿಂದ ಪ್ರಸಿದ್ಧವಾದ ಕಾಯಿದೆಯೊಂದು ಬಂದಿತು. ಗಾಳ, ಗಾಳದ ಕೋಲು ಮುಂತಾದ ಹವ್ಯಾಸಿ ಮೀನುಗಾರಿಕೆಯ ಸಲಕರಣೆಗಳ ಮೇಲಿನ ತೆರಿಗೆಯನ್ನು ಮೀನಿನ ಸಂತತಿ ಮತ್ತು ನೀರಿನ ನೆಲೆಗಳ ಅಭಿವೃದ್ಧಿಗೇ ಮೀಸಲಿಡಬೇಕೆಂದು ಅದು ವಿಧಿಸಿತು. 1984ರಲ್ಲಿ ವ್ಯಾಲಪ್ ಮತ್ತು ಬ್ರೋ ಅವರ ತಿದ್ದುಪಡಿ ಒಂದು ಸರಳವಾದ ನ್ಯಾಯವನ್ನು ಮುಂದಿಟ್ಟಿತು. ಇಂಧನದ ಮೇಲಿನ ತೆರಿಗೆ ಹೆದ್ದಾರಿಗಳಿಗೆಂದು ಇರುವಂಥದ್ದು. ಮೋಟಾರು ದೋಣಿಯಲ್ಲಿ ಉರಿದ ಪೆಟ್ರೋಲು ಹೆದ್ದಾರಿಯನ್ನು ಸವೆಸುವುದಿಲ್ಲ. ಆದ್ದರಿಂದ ಆ ಪಾಲು ನೀರಿನ ಕೆಲಸಕ್ಕೇ ಬರತಕ್ಕದ್ದು. ಆಮದಾದ ವಿಹಾರ ದೋಣಿಗಳ ಮೇಲಿನ ಸುಂಕವೂ ಅದಕ್ಕೆ ಸೇರಿತು.

ಹೀಗೆ ಕೂಡಿದ ನಿಧಿಯನ್ನು ರಾಜ್ಯಗಳಿಗೆ ಹಂಚುವಾಗ ಶೇಕಡ 60ರಷ್ಟನ್ನು ಮೀನುಗಾರಿಕೆಯ ಪರವಾನಗಿ ಪಡೆದವರ ಸಂಖ್ಯೆಯ ಮೇಲೆಯೂ ಶೇಕಡ 40ರಷ್ಟನ್ನು ನೆಲ ಮತ್ತು ನೀರಿನ ವಿಸ್ತೀರ್ಣದ ಮೇಲೆಯೂ ಲೆಕ್ಕ ಹಾಕುತ್ತಾರೆ. ಯಾವ ರಾಜ್ಯಕ್ಕೂ ಶೇಕಡ 5ಕ್ಕಿಂತ ಹೆಚ್ಚು ಸಿಗದು. ಕಾಮಗಾರಿಯ ವೆಚ್ಚದಲ್ಲಿ ಮುಕ್ಕಾಲು ಪಾಲು ಈ ನಿಧಿಯಿಂದ, ಕಾಲು ಪಾಲು ರಾಜ್ಯದಿಂದ. ಬಂದ ಹಣದಲ್ಲಿ ಶೇಕಡ 15ರಷ್ಟನ್ನು ಸಾರ್ವಜನಿಕರು ತಮ್ಮ ದೋಣಿಗಳನ್ನು ವಾಹನದಿಂದ ಎಳೆದು ತಂದು ನೀರಿಗೆ ಇಳಿಸುವ ತಾಣಗಳಿಗೇ ವಿನಿಯೋಗಿಸಬೇಕು. ಇಷ್ಟೆಲ್ಲಕ್ಕಿಂತ ನನಗೆ ಮುಖ್ಯವೆಂದು ತೋರುವ ನಿಬಂಧನೆ ಬೇರೆಯೇ ಇದೆ. ಮೀನುಗಾರರಿಂದ ಬಂದ ಪರವಾನಗಿ ಶುಲ್ಕವನ್ನು ಬೇರಾವುದೋ ಖರ್ಚಿಗೆ ತಿರುಗಿಸಿಕೊಂಡ ರಾಜ್ಯವು ಈ ಅನುದಾನದ ಅರ್ಹತೆಯನ್ನೇ ಕಳೆದುಕೊಳ್ಳುತ್ತದೆ. ಹಣಕಾಸು ಇಲಾಖೆಗೆ ಎಷ್ಟೇ ಮುಗ್ಗಟ್ಟಿದ್ದರೂ ಆ ಪೆಟ್ಟಿಗೆಗೆ ಕೈ ಹಾಕುವಂತಿಲ್ಲ. ಹಾಗಾಗಿ ಇಂದು ತಾಣ ಕಟ್ಟುವ ಎಂಜಿನಿಯರಿಗೆ ನಾಲ್ಕಾರು ವರ್ಷಗಳ ಮುಂದಿನ ಯೋಜನೆಯನ್ನೂ ಬರೆದಿಡುವ ಧೈರ್ಯವಿರುತ್ತದೆ. ಇಂಧನ ಸುಡದ, ಹುಟ್ಟು ಹಾಕುವ ಪುಟ್ಟ ದೋಣಿಗಳವರು ಈ ನಿಧಿಗೆ ಕಡಿಮೆ ಕೊಟ್ಟು ಸೌಲಭ್ಯವನ್ನು ಸಮನಾಗಿ ಬಳಸುತ್ತಾರೆ ಎಂಬ ತಕರಾರು ಅಲ್ಲಿಯೂ ಉಂಟು. ಅದು ಬಗೆಹರಿಸಿಕೊಳ್ಳಬಹುದಾದ ತಕರಾರು.

ಹಣದ ಭರವಸೆ ಇದ್ದಾಗ ಯೋಜನೆಯ ಗುಣ ಹೇಗೆ ಬದಲಾಗುತ್ತದೆ ಎಂಬುದನ್ನು ದೋಣಿ ಇಳಿಸುವ ಒಂದು ಇಳಿಜಾರಿನಲ್ಲಿಯೇ ಕಾಣಬಹುದು. ಅಲ್ಲಿನ ವಿನ್ಯಾಸಕಾರರು ನೂರು ಅಡಿಗೆ ಹನ್ನೆರಡರಿಂದ ಹದಿನೈದು ಅಡಿ ಇಳಿಯುವಂತೆ ಕಾಂಕ್ರೀಟ್ ಹಾಸುತ್ತಾರೆ. ಅದಕ್ಕಿಂತ ಸಪಾಟಾದರೆ ದೋಣಿ ತೇಲುವಷ್ಟರಲ್ಲಿ ಅದನ್ನೆಳೆದು ತಂದ ವಾಹನದ ಹಿಂಚಕ್ರ ನೀರಿಗಿಳಿಯುತ್ತದೆ. ಕಡಿದಾದರೆ ವಾಹನ ಜಾರುತ್ತದೆ. ಪಾಚಿ ಕಟ್ಟಿದರೂ ಟಯರಿಗೆ ಹಿಡಿತ ಸಿಗಲೆಂದು, ಹಸಿ ಕಾಂಕ್ರೀಟಿನಲ್ಲಿಯೇ ಆಳವಾದ ಗೀರುಗಳನ್ನು ಎಳೆದಿರುತ್ತಾರೆ. ನೀರು ಅತ್ಯಂತ ಕಡಿಮೆಯಾದ ಕಾಲದ ಮಟ್ಟಕ್ಕಿಂತಲೂ ಕೆಲವು ಅಡಿ ಕೆಳಗೆ ಇಳಿಜಾರಿನ ತುದಿ ಮುಗಿಯುತ್ತದೆ. ಯಂತ್ರದ ರಭಸದಿಂದ ದೋಣಿಯನ್ನು ಗಾಡಿಗೇರಿಸುವವರು ಆ ತುದಿಯಲ್ಲಿ ಮಣ್ಣನ್ನು ಕೊರೆದು ಹೊಂಡ ಮಾಡುತ್ತಾರೆಂದು ಅಲ್ಲಿ ಕಲ್ಲು ತುಂಬಿಸುವುದೂ ಉಂಟು. ಉದ್ಘಾಟನೆಯ ಫಲಕಕ್ಕೆ ಇವಾವುವೂ ಬೇಕಿಲ್ಲ. ಇಪ್ಪತ್ತು ವರ್ಷ ಬಳಸುವವರಿಗೆ ಬೇಕು.

ನಮ್ಮ ಜಲಾಶಯಗಳಲ್ಲಿ ಈ ಲೆಕ್ಕ ಇನ್ನೂ ಕಠಿಣ. ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ, ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಅದು 90 ಅಡಿಯ ಕೆಳಗೂ ಇಳಿದದ್ದುಂಟು. ಇಂಥ ಮೂವತ್ತೈದು ಅಡಿಯ ಇಳಿತವನ್ನು ಶೇಕಡ ಹನ್ನೆರಡರ ಇಳಿಜಾರಿನಿಂದ ಸರಿದೂಗಿಸಬೇಕೆಂದರೆ ಸುಮಾರು 290 ಅಡಿ ಉದ್ದದ ಹಾಸು ಬೇಕಾಗುತ್ತದೆ. ತುಂಬಿದ ನೀರನ್ನು ನೋಡಿ ಆಗಸ್ಟಿನಲ್ಲಿ ಜಾಗ ಗೊತ್ತು ಮಾಡಿದರೆ, ಏಪ್ರಿಲಿನಲ್ಲಿ ಜೆಟ್ಟಿ ಬಿರುಕು ಬಿಟ್ಟ ಕೆಸರಿನ ಮೇಲೆ ನಿಂತಿರುತ್ತದೆ. ಶಾಲೆಗಳಿಗೆ ರಜೆ ಬರುವುದೂ ಜನ ಬರುವುದೂ ಏಪ್ರಿಲಿನಲ್ಲಿಯೇ. ಆದ್ದರಿಂದ ಹಿನ್ನೀರಿನಲ್ಲಿ ನೀರಿನೊಂದಿಗೆ ಏರಿ ಇಳಿಯುವ ತೇಲುವ ಜೆಟ್ಟಿಯೇ ಸೂಕ್ತ. ತೇಲುವ ರಚನೆ ಎಲ್ಲ ಕಡೆಗೂ ಒಗ್ಗುತ್ತದೆಂದಲ್ಲ. 2022ರ ಮೇ ತಿಂಗಳಲ್ಲಿ ಮಲ್ಪೆಯ ಕಡಲತೀರದಲ್ಲಿ ತೆರೆದ ತೇಲುಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಹಾನಿಗೊಂಡಿತು. ಮರೆಯಿರುವ ಅಳಿವೆಯಲ್ಲಿ ನಿಲ್ಲುವಂಥದ್ದು ಬಯಲು ಕಡಲಿನಲ್ಲಿ, ಅದೂ ಮಳೆಗಾಲದ ಹೊಸ್ತಿಲಲ್ಲಿ, ನಿಲ್ಲುವುದು ಕಷ್ಟ. ಆ ತೀರದ ಮೀನುಗಾರರಿಗೆ ಗಾಳಿಯ ದಿಕ್ಕು, ಉಬ್ಬರ ಇಳಿತ, ಮರಳು ಸರಿಯುವ ಕಾಲ ಎಲ್ಲವೂ ಗೊತ್ತು. ಯೋಜನೆಯ ಮೊದಲ ಸಭೆಗೇ ಅವರನ್ನು ಕರೆಯಬೇಕು.

ಕಾನೂನು ಅಡ್ಡ ಬರುತ್ತದೆಯೆ? ಹಾಗೇನೂ ಇಲ್ಲ. 2017ರ ಜೌಗುಪ್ರದೇಶ ನಿಯಮಗಳು, ತಮ್ಮ ವ್ಯಾಪ್ತಿಗೆ ಒಳಪಟ್ಟ ನೆಲೆಗಳಲ್ಲಿ ಸರಾಸರಿ ಗರಿಷ್ಠ ಪ್ರವಾಹ ಮಟ್ಟದಿಂದ 50 ಮೀಟರಿನೊಳಗೆ ಶಾಶ್ವತ ಕಟ್ಟಡಗಳನ್ನು ನಿಷೇಧಿಸುವಾಗಲೂ ದೋಣಿಯ ಜೆಟ್ಟಿಗೆ ವಿನಾಯಿತಿ ಕೊಟ್ಟಿವೆ. ಜೆಟ್ಟಿಯ ಹೆಸರಿನಲ್ಲಿ ಹೋಟೆಲು, ಅಂಗಡಿ ಸಾಲು ತಲೆಯೆತ್ತದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಇನ್ನು 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕೆಗಳ ಕಾಯಿದೆ ಯಾಂತ್ರಿಕ ದೋಣಿಗಳ ನೋಂದಣಿ, ತಪಾಸಣೆ ಮತ್ತು ವಿಮೆಯನ್ನು ಕಡ್ಡಾಯಗೊಳಿಸಿದೆ. ಅದೇ ಕಾಯಿದೆಯಲ್ಲಿ ಹೆಚ್ಚು ಚರ್ಚೆಗೆ ಬಾರದ ಇನ್ನೊಂದು ಅವಕಾಶವಿದೆ. ತುರ್ತು ಸಿದ್ಧತೆ, ಮಾಲಿನ್ಯ ತಡೆ, ಒಳನಾಡು ಜಲಸಂಚಾರದ ಬೆಳವಣಿಗೆ ಮುಂತಾದವುಗಳಿಗಾಗಿ ಪ್ರತಿಯೊಂದು ರಾಜ್ಯವೂ ಅಭಿವೃದ್ಧಿ ನಿಧಿಯೊಂದನ್ನು ಸ್ಥಾಪಿಸಬೇಕು. ಸರ್ಕಾರದ ಯೋಜನೆಗಳಿಂದಲೂ ಸಂಬಂಧಪಟ್ಟವರಿಂದಲೂ ಅದಕ್ಕೆ ವಂತಿಗೆ ಬರಬಹುದು.

ನಾನು ಕೇಳುವ ಪೆಟ್ಟಿಗೆ ಇದೇ. ನಮ್ಮ ಪೆಟ್ರೋಲು ಮತ್ತು ಡೀಸೆಲಿನ ಮೇಲೆಯೂ ರಸ್ತೆ ಮತ್ತು ಮೂಲಸೌಕರ್ಯದ ಸೆಸ್ ಇದೆ; ದೋಣಿಯಲ್ಲಿ ಉರಿದ ಇಂಧನದ ಪಾಲನ್ನು ದೋಣಿತಾಣಕ್ಕೆ ಮರಳಿಸಬೇಕೆಂದು ಕೇಂದ್ರವನ್ನು ಕೇಳುವುದು ದೀರ್ಘಕಾಲದ ಕೆಲಸ. ಅಲ್ಲಿಯವರೆಗೆ ರಾಜ್ಯ ತಾನೇ ಮಾಡಬಹುದಾದದ್ದಿದೆ. ಪ್ರತಿ ವಿಹಾರ ಟಿಕೆಟಿನಿಂದ ನಿಗದಿಯಾದ ಪಾಲು ನೇರವಾಗಿ ಆ ನಿಧಿಗೆ, ಆಯಾ ತಾಣದ ಹೆಸರಿನ ಖಾತೆಗೆ ಜಮೆಯಾಗಲಿ. ಆ ಖಾತೆಯಿಂದ ಹಲಗೆ, ಹಗ್ಗ, ಲೈಫ್ ಜಾಕೆಟ್, ರಕ್ಷಣಾ ದೋಣಿ, ಹೂಳು ತೆಗೆಯುವ ಕೆಲಸ ಇವುಗಳಿಗಲ್ಲದೆ ಬೇರೆ ಖರ್ಚು ಬೀಳದಿರಲಿ. ಗುತ್ತಿಗೆಯನ್ನು ಅಧಿಕ ಮೊತ್ತದ ಬದಲು ತರಬೇತಾದ ಸಿಬ್ಬಂದಿ, ದೋಣಿಗಳ ತಪಾಸಣಾ ಪತ್ರ ಮತ್ತು ನಿರ್ವಹಣೆಯ ಯೋಜನೆಗೆ ಅಂಕ ನೀಡಿ ಕೊಡಲಿ. ದರವನ್ನೂ ಒಂದು ಸುತ್ತಿನ ಜನಮಿತಿಯನ್ನೂ ಇಲಾಖೆಯೇ ನಿಗದಿಪಡಿಸಿ, ಟಿಕೆಟ್ ಕಿಟಕಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಲಿ. ಹಂಪಿಯ ಕಡೆ ಹರಿಗೋಲು ನಡೆಸುವ ಅಂಬಿಗರಂಥವರನ್ನು ಈ ಹೊಸ ಏರ್ಪಾಡು ಹೊರಗೆ ತಳ್ಳದೆ, ಸ್ಥಳೀಯವಾಗಿ ನೋಂದಾಯಿಸಿಕೊಂಡು ಜಾಕೆಟುಗಳನ್ನು ಅದೇ ನಿಧಿಯಿಂದ ಒದಗಿಸಲಿ. ರಾಜ್ಯದ ಎಲ್ಲ ತಾಣಗಳಲ್ಲಿ ಒಮ್ಮೆಗೇ ಆಗದಿದ್ದರೆ ಒಂದು ಅಳಿವೆ ಮತ್ತು ಒಂದು ಹಿನ್ನೀರನ್ನು ಆರಿಸಿಕೊಂಡು ಆರಂಭಿಸಿ, ಮೂರು ವರ್ಷಗಳ ಜಮಾ ಖರ್ಚನ್ನು ಆ ಊರಿನ ಗ್ರಾಮಸಭೆಯ ಮುಂದೆ ಓದಿಸಲಿ.

ನಮಸ್ಕಾರ.