ಕಾಡುಪ್ರಾಣಿ ನೋಡಲು ಹೋದಾಗ ಅದು ಹೇಳುವುದನ್ನೂ ಕೇಳಿ

ಎಲ್ಲರಿಗೂ ನಮಸ್ಕಾರ.

ಒಂದು ವಿಡಿಯೊದ ಮಾತಿನಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ತುಂಬ ಜನ ನೋಡಿರುತ್ತೀರಿ. ಎರಡು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪ್ರಾಣಿ. ದುಂಡು ಮುಖ, ಮುಖದ ತುಂಬ ಕಣ್ಣು. ಯಾರೋ ಅದಕ್ಕೆ ಕಚಗುಳಿ ಇಡುತ್ತಾರೆ. ಅದು ಎರಡೂ ಕೈ ಮೇಲೆತ್ತಿ ಕೂರುತ್ತದೆ. ‘ಇನ್ನೂ ಬೇಕಂತೆ ನೋಡಿ’ ಅಂತ ಜನ ಒಬ್ಬರಿಗೊಬ್ಬರು ಕಳಿಸಿಕೊಂಡರು.

ಅದು ಸ್ಲೋ ಲೋರಿಸ್, ನಾವು ಕಾಡುಪಾಪ ಅಂತೀವಲ್ಲ, ಅದರ ನೆಂಟ. ಅದರ ಮೊಣಕೈ ಒಳಬದಿಯಲ್ಲಿ ಒಂದು ಗ್ರಂಥಿ ಇದೆ. ಪ್ರಾಣಭಯ ಆದಾಗ ಅದು ಕೈ ಮೇಲೆತ್ತಿ, ಆ ಗ್ರಂಥಿಯ ರಸವನ್ನು ನೆಕ್ಕಿ, ಎಂಜಲಿನ ಜೊತೆ ಬೆರೆಸಿಕೊಳ್ಳುತ್ತದೆ. ಎರಡೂ ಸೇರಿದರೆ ವಿಷ. ಅಂದರೆ ವಿಡಿಯೊದಲ್ಲಿರುವ ಪ್ರಾಣಿ ಕಚ್ಚುವುದಕ್ಕೆ ತಯಾರಾಗುತ್ತಿತ್ತು. ನಾವು ನಗುತ್ತಿದ್ದೆವು.

ಇದನ್ನು ಹಿಡಿದು ಮಾರುವವರು ಕಚ್ಚಬಾರದೆಂದು ಉಗುರು ಕತ್ತರಿಸುವ ಕಟ್ಟರ್‌ನಲ್ಲಿ ಅದರ ಹಲ್ಲು ಕತ್ತರಿಸುತ್ತಾರೆ. ಅರಿವಳಿಕೆ ಇಲ್ಲ, ಏನೂ ಇಲ್ಲ. ಬಾಯಿ ಕೊಳೆತು ಎಷ್ಟೋ ಸಾಯುತ್ತವೆ. ದೇಶದಿಂದ ದೇಶಕ್ಕೆ ಇದರ ವ್ಯಾಪಾರ ಮಾಡಬಾರದು ಎಂದು 2007ರಲ್ಲೇ ಜಗತ್ತಿನ ದೇಶಗಳು ಒಪ್ಪಿವೆ. ಆಮೇಲೂ ಥಾಯ್ಲೆಂಡಿನ ಫುಕೆಟ್‌ನಂಥ ಪ್ರವಾಸಿ ಊರುಗಳಲ್ಲಿ ರಾತ್ರಿ ಹೊತ್ತು ಇದನ್ನು ಫೋಟೊಗೆಂದು ಪ್ರವಾಸಿಗರ ಕೈಗೆ ಕೊಡುತ್ತಿದ್ದರು. ಇರುಳಲ್ಲಿ ಬದುಕುವ ಪ್ರಾಣಿ ಅದು. ಆ ಕಣ್ಣಿಗೆ ಫ್ಲ್ಯಾಶ್ ಹೊಡೆದರೆ ಹೇಗಿರಬೇಡ?

ಇದನ್ನೇ ಮೊದಲು ಹೇಳಿದ್ದಕ್ಕೆ ಕಾರಣ ಇದೆ. ರಜೆಗೆ ಹೋಗುವ ನಮ್ಮಲ್ಲಿ ಪ್ರಾಣಿಗಳಿಗೆ ಕೇಡು ಬಯಸುವವರು ಯಾರೂ ಇಲ್ಲ. ಪ್ರೀತಿ ಇರುವುದಕ್ಕೇ ಅಷ್ಟು ದೂರ ಹೋಗುತ್ತೇವೆ. ತಪ್ಪುವುದು ಎಲ್ಲಿ ಅಂದರೆ, ಅದರ ಮುಖದಲ್ಲಿ ನಮ್ಮ ಮುಖ ಓದಲು ಹೋಗುತ್ತೇವಲ್ಲ, ಅಲ್ಲಿ. ಬೋರ್ನಿಯೊ ದ್ವೀಪದ ಕಾಡಲ್ಲಿ ಒರಾಂಗುಟಾನ್ ಅನ್ನುವ ದೊಡ್ಡ ವಾನರ ತುಟಿ ಮುಂದೆ ಮಾಡಿ ‘ಪ್ಚ್ ಪ್ಚ್’ ಅಂತ ಸದ್ದು ಮಾಡಿದರೆ, ಮುತ್ತು ಕೊಡ್ತಿದೆ ಅನ್ನುತ್ತೇವೆ. ಅದು ‘ಹತ್ತಿರ ಬರಬೇಡ’ ಅನ್ನುವ ಕೂಗು. ಆಗಲೂ ಹೋಗದಿದ್ದರೆ ಕೊಂಬೆ ಮುರಿದು ಕೆಳಗೆ ಎಸೆಯುತ್ತದೆ. ಕೋತಿ ಹಲ್ಲು ಕಿರಿದರೆ ಅದು ಹೆದರಿದೆ ಅಥವಾ ಎದುರು ನಿಂತಿದೆ. ಮರದಲ್ಲಿ ತಲೆಕೆಳಗಾಗಿ ನೇತಾಡುವ, ತುಂಬ ನಿಧಾನದ ಸ್ಲಾತ್ ಅನ್ನುವ ಪ್ರಾಣಿಯ ಮುಖದಲ್ಲಿರುವ ನಗು ಬರೀ ಮುಖದ ಗೆರೆ. ನೋವಾದಾಗಲೂ ಅದೇ ನಗು. ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ಸರ್ಕಾರ 2019ರಲ್ಲಿ ಕಾಡುಪ್ರಾಣಿಯ ಜೊತೆ ಸೆಲ್ಫಿ ಬೇಡ ಎಂದು ದೊಡ್ಡ ಪ್ರಚಾರವನ್ನೇ ಶುರು ಮಾಡಿತು. ಅಲ್ಲಿ ಸ್ಲಾತ್‌ಗಳಿಗೇ ಈ ಕಾಟ ಜಾಸ್ತಿ.

ನಾನೂ ಒಮ್ಮೆ ಹಾಗೆ ತಪ್ಪು ಮಾಡಿದ್ದೇನೆ. ಮಲೇಷ್ಯಾದ ಸಬಾ ರಾಜ್ಯದಲ್ಲಿ ಕಿನಬಟಾಂಗನ್ ಅನ್ನುವ ನದಿ ಇದೆ. ಉದ್ದ ಮೂಗಿನ ಪ್ರೊಬಾಸಿಸ್ ಕೋತಿಗಳು ಹಗಲೆಲ್ಲ ಕಾಡಿನೊಳಗೆ ಎಲೆ ತಿಂದು, ಸಂಜೆ ಮಲಗಲು ನದಿ ದಂಡೆಯ ಮರಗಳಿಗೆ ಬರುತ್ತವೆ. ನಮ್ಮ ದೋಣಿ ಆಚೆ ದಡದಲ್ಲಿತ್ತು. ಚೆನ್ನಾಗಿಯೇ ಕಾಣುತ್ತಿತ್ತು. ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಅಂತ ಕೇಳಿದ್ದು ನಾನೇ. ಮರದ ಬುಡಕ್ಕೇ ಹೋದೆವು. ಹಿಂದೆ ಇನ್ನೂ ಮೂರು ದೋಣಿ ಬಂದವು. ಗಂಡು ಕೋತಿ ಎದ್ದು ನಿಂತು, ಮೂಗಿನಿಂದ ಹಾರ್ನ್ ಹೊಡೆದ ಹಾಗೆ ಕೂಗಿತು. ನಾವೆಲ್ಲ ಕ್ಯಾಮೆರಾ ಎತ್ತಿದೆವು. ಒಂದು ತಾಯಿ ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಹಿಂದಿನ ಮರಕ್ಕೆ ಹಾರಿತು. ಎರಡು ನಿಮಿಷದಲ್ಲಿ ಇಡೀ ಗುಂಪು ಆ ಮರ ಬಿಟ್ಟು ಹೋಯಿತು. ಕತ್ತಲಾಗುತ್ತಿತ್ತು. ಮರಿಗಳ ಜೊತೆ ಅವು ಇನ್ನೊಂದು ಮರ ಹುಡುಕಬೇಕಿತ್ತು. ಬರೀ ಕೊಂಬೆಗಳು ಅಲ್ಲಾಡುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ.

ಅವತ್ತಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ನಾನು ಬರುವ ಮೊದಲು ಆ ಪ್ರಾಣಿ ಏನು ಮಾಡುತ್ತಿತ್ತೋ, ಈಗಲೂ ಅದನ್ನೇ ಮಾಡುತ್ತಿದೆಯಾ? ತಿನ್ನುತ್ತಿದ್ದದ್ದು ತಿನ್ನುವುದು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದರೆ ಅಲ್ಲೇ ನಿಲ್ಲಬೇಕು. ಜಾಗ ಬಿಟ್ಟು ಎದ್ದರೆ ನಾನಾಗಲೇ ಜಾಸ್ತಿ ಹತ್ತಿರ ಬಂದಾಯಿತು.

ಒಂದು ಗಾಡಿಯಿಂದ ಏನಾಗುತ್ತೆ ಅಂತ ಕೇಳುವವರಿದ್ದಾರೆ. ಕೀನ್ಯಾದ ಮಸಾಯಿ ಮಾರಾದಲ್ಲಿ ಚೀತಾಗಳ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳು ಬದುಕಿ ದೊಡ್ಡವಾದವು. ಪ್ರವಾಸಿಗರ ದಟ್ಟಣೆ ಇರುವ ಕಡೆ 0.2. ಗಾಡಿಗಳು ಸುತ್ತ ಮುತ್ತಿಕೊಂಡರೆ ತಾಯಿಗೆ ಬೇಟೆ ತಪ್ಪಬಹುದು, ಮರಿಗಳು ದಾರಿ ತಪ್ಪಬಹುದು. ಆ ಗಾಡಿಗಳಲ್ಲಿ ಕೂತ ಯಾರೂ ಒಂದು ಮರಿಯನ್ನೂ ಮುಟ್ಟಿರಲಿಲ್ಲ.

ಗೊರಿಲ್ಲಾ ನೋಡಲು ರುವಾಂಡಾಗೋ ಉಗಾಂಡಾಗೋ ಹೋದರೆ ನಿಯಮ ಬಿಗಿ. ಒಂದು ಗುಂಪಿಗೆ ದಿನಕ್ಕೆ 8 ಪ್ರವಾಸಿಗರು, 1 ಗಂಟೆ ಮಾತ್ರ. ದೂರ ಇರಬೇಕು, ಮಾಸ್ಕ್ ಹಾಕಬೇಕು. ನೆಗಡಿ ಇದ್ದರೆ ಹೋಗಲೇಬೇಡಿ, ಕೊಟ್ಟ ದುಡ್ಡು ಹೋದರೂ ಸರಿ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ‘ತಾಯಿ’ (Taï) ಅನ್ನುವ ಹೆಸರಿನ ಕಾಡಿನಲ್ಲಿ ಮನುಷ್ಯರಿಂದ ಹರಡಿದ ಉಸಿರಾಟದ ವೈರಸ್‌ಗಳಿಂದ ಚಿಂಪಾಂಜಿಗಳು ಸತ್ತಿವೆ. ನಮಗೆ ಎರಡು ದಿನದ ಶೀತ ಅಷ್ಟೇ.

ಕಡಲಾಮೆ ಮೊಟ್ಟೆ ಇಡಲು ದಡಕ್ಕೆ ಬಂದಾಗ ಕಣ್ಣೀರು ಸುರಿಸುತ್ತದೆ. ಅದು ಅಳು ಅಲ್ಲ, ಮೈಯಲ್ಲಿ ಜಾಸ್ತಿಯಾದ ಉಪ್ಪು ಹೊರಗೆ ಬರುತ್ತಿದೆ. ಆದರೆ ಅದು ದಡ ಹತ್ತುವಾಗ ನೀವು ಟಾರ್ಚ್ ಬಿಟ್ಟರೆ ಮೊಟ್ಟೆ ಇಡದೆಯೇ ಸಮುದ್ರಕ್ಕೆ ತಿರುಗಿಬಿಡಬಹುದು. ಮರಿಗಳಂತೂ ಬೆಳಕು ಹೆಚ್ಚಿರುವ ಕಡೆಗೇ ತೆವಳುತ್ತವೆ. ಸಮುದ್ರದ ಮೇಲಿನ ಮಿನುಗು ಬಿಟ್ಟು ನಿಮ್ಮ ಫೋನಿನ ಬೆಳಕಿನ ಹಿಂದೆ ಬರುತ್ತವೆ.

ಇಷ್ಟೆಲ್ಲ ಬೇಡ ಅಂದರೆ ನೋಡುವುದಾದರೂ ಏನು ಅಂತ ಅನ್ನಿಸಬಹುದು. ನಿಜ ಹೇಳಬೇಕೆಂದರೆ, ಹೀಗೆ ಹೋದರೇ ಜಾಸ್ತಿ ಕಾಣುವುದು. ಮಳೆಕಾಡಲ್ಲಿ ನಡೆದಷ್ಟೂ ಪ್ರಾಣಿಗಳು ದೂರ ಸರಿಯುತ್ತವೆ. ಹಣ್ಣು ಬಿಟ್ಟ ಅತ್ತಿ ಮರ ಹುಡುಕಿ. ಕೆಳಗೆ ಅರ್ಧ ಕಚ್ಚಿದ ಹಣ್ಣು ಬಿದ್ದಿದ್ದರೆ ಸ್ವಲ್ಪ ದೂರದಲ್ಲಿ ಕೂತುಬಿಡಿ. ಬೆಳಗಿನ ಜಾವ ಒಂದು ಗಂಟೆ ಸುಮ್ನೆ ಕೂತರೆ ಸಾಕು. ಮೊದಲ ಇಪ್ಪತ್ತು ನಿಮಿಷ ಏನೂ ಇರುವುದಿಲ್ಲ. ಆಮೇಲೆ ಗಾಳಿ ಇಲ್ಲದೆಯೂ ಒಂದು ಕೊಂಬೆ ತೂಗುತ್ತದೆ. ಅಲ್ಲಿ ನೋಡಿ.

ರಾತ್ರಿ ನಡಿಗೆಗೆ ಹೋದರೆ ಟಾರ್ಚನ್ನು ಸೊಂಟದ ಹತ್ತಿರ ಹಿಡಿಯಬೇಡಿ. ಕಣ್ಣಿನ ಪಕ್ಕಕ್ಕೆ, ಕಿವಿಯ ಮುಂದೆ ಹಿಡಿಯಿರಿ. ಪ್ರಾಣಿಯ ಕಣ್ಣಿಗೆ ತಾಗಿದ ಬೆಳಕು ಬಂದ ದಾರಿಯಲ್ಲೇ ವಾಪಸು ಬರುತ್ತದೆ, ಹಾಗಾಗಿ ನಿಮ್ಮ ಕಣ್ಣಿಗೇ ಸಿಗುತ್ತದೆ. ನೆಲದ ಮೇಲೆ ಇಬ್ಬನಿಯಂತೆ ಮಿನುಗುವುದು ಜೇಡದ ಕಣ್ಣುಗಳು. ಇದನ್ನು ಮೊದಲ ಸಲ ನೋಡಿದವರು ಅಲ್ಲೇ ನಿಂತುಬಿಡುತ್ತಾರೆ. ಕಣ್ಣು ಸಿಕ್ಕ ಕೂಡಲೇ ಬೆಳಕನ್ನು ಪಕ್ಕಕ್ಕೆ ಸರಿಸಿ, ಅಥವಾ ಕೆಂಪು ಬೆಳಕು ಹಾಕಿ. ಕಪ್ಪೆ ಕಂಡರೆ ಮುಟ್ಟಬೇಡಿ. ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ, ನಿಮ್ಮ ಕೈಯಲ್ಲಿ ಸೊಳ್ಳೆಗೆ ಹಚ್ಚಿದ ಔಷಧಿ ಇರುತ್ತದೆ.

ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ತನ್ನ ಜಾಗಕ್ಕೆ ಎದುರಾಳಿ ಬಂದ ಅಂತ ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಅಪರೂಪದ ಪ್ರಾಣಿಯ ಫೋಟೊ ಹಾಕುವಾಗ ಜಾಗದ ಗುರುತು ತೆಗೆಯಿರಿ. ಕಳ್ಳಬೇಟೆಯವರೂ ಅದನ್ನು ನೋಡುತ್ತಾರೆ.

ಕೊನೆಗೆ ಗೈಡ್‌ಗಳ ವಿಷಯ. ದೋಣಿಯವರು, ಜೀಪಿನವರು ಹತ್ತಿರ ಒಯ್ಯುವುದು ಹೆಚ್ಚಾಗಿ ನಮಗೋಸ್ಕರ. ಹತ್ತಿರ ಹೋಗದಿದ್ದರೆ ಪ್ರವಾಸಿಗರು ಮುನಿಸಿಕೊಳ್ಳುತ್ತಾರೆ, ಟಿಪ್ಸ್ ಸಿಗುವುದಿಲ್ಲ ಅನ್ನುವ ಭಯ ಅವರಿಗೆ. ಅದಕ್ಕೇ ಹೊರಡುವ ಮೊದಲೇ ಹೇಳಿಬಿಡಿ: ‘ನಮಗೆ ಹತ್ತಿರ ಹೋಗೋದು ಬೇಡ, ಏನೂ ಕಾಣದಿದ್ದರೂ ಪರವಾಗಿಲ್ಲ.’ ಆ ನದಿಯಲ್ಲಿ ಮಾರನೇ ಸಂಜೆ ನಾನು ಹೀಗೇ ಹೇಳಿದೆ. ದೋಣಿಯವರ ಮುಖ ಅರಳಿತು. ಆಚೆ ದಡಕ್ಕೆ ಕಟ್ಟಿ ಎಂಜಿನ್ ಆರಿಸಿದರು. ಕೋತಿಗಳು ಒಂದೊಂದಾಗಿ ಬಂದು ಕೂತವು. ಒಂದು ಮರಿ ತಾಯಿಯ ಬಾಲ ಹಿಡಿದು ಜೋತಾಡುತ್ತಿತ್ತು. ಪೂರ್ತಿ ಕತ್ತಲಾಗುವವರೆಗೂ ಅವು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ. ಎರಡು ಬೈನಾಕ್ಯುಲರ್ ತಂದಿದ್ದೇನೆ. ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವುದು ಹೇಗೆ ಅಂತ ಮುಂದೆ ಬಂದವರಿಗೆ ತೋರಿಸುತ್ತೇನೆ.