ಬೋರ್ಡಿಗೆ ಫರ್ಮ್‌ವೇರ್ ತುಂಬುವಾಗ

ಕೇಳುಗರಿಗೆ ನಮಸ್ಕಾರ.

ಕಾಫಿ ಹೂ ಬಿಡಿಸುವ ಹೂಮಳೆ ಎಷ್ಟು ಇಂಚು ಬಿತ್ತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ಬಿತ್ತು ಅಂತ ಲೆಕ್ಕ ಇಡದ ಕಾಫಿ ತೋಟ ಕೊಡಗಿನಲ್ಲಿ ಸಿಗುವುದು ಕಷ್ಟ. ಆ ಲೆಕ್ಕವನ್ನು ತಾನೇ ಎಣಿಸಿ, ತೋಟದ ಆ ತುದಿಯಿಂದ ಮನೆಗೆ ಕಳಿಸುವ ಪುಟ್ಟ ಬೋರ್ಡನ್ನು ಸ್ವಂತವಾಗಿ ವಿನ್ಯಾಸ ಮಾಡಿಕೊಳ್ಳುವುದು ಈಗ ದೊಡ್ಡ ಮಾತಲ್ಲ. ಬೋರ್ಡು ಕೊರಿಯರ್‌ನಲ್ಲಿ ಬರುತ್ತದೆ, ಬೆಸುಗೆಯೂ ಆಗುತ್ತದೆ. ತೊಡಕು ಶುರುವಾಗುವುದು ಅದರೊಳಗಿನ ಮೈಕ್ರೊಕಂಟ್ರೋಲರಿಗೆ, ಅಂದರೆ ಬೋರ್ಡನ್ನು ನಡೆಸುವ ಚಿಪ್ಪಿಗೆ, ಫರ್ಮ್‌ವೇರ್ ಅನ್ನುವ ಪ್ರೋಗ್ರಾಮನ್ನು ತುಂಬುವಾಗ. ಕೆಲವು ಬೋರ್ಡು ಒಪ್ಪುತ್ತವೆ, ಕೆಲವು ಒಲ್ಲೆ ಅನ್ನುತ್ತವೆ. ಬೆಳಿಗ್ಗೆ ಒಪ್ಪಿದ್ದೇ ಸಂಜೆ ಹಟ ಹಿಡಿಯುತ್ತದೆ. ಆಗ ಸಾಮಾನ್ಯವಾಗಿ ಬೈಸಿಕೊಳ್ಳುವುದು ಕಂಪ್ಯೂಟರು. ಡ್ರೈವರ್ ತೆಗೆದು ಮತ್ತೆ ಹಾಕುವುದು, ಬೇರೆ ಲ್ಯಾಪ್‌ಟಾಪ್ ತರುವುದು ಎಲ್ಲ ನಡೆಯುತ್ತದೆ. ಆದರೆ ದೋಷ ಬಹುಮಟ್ಟಿಗೆ ಬೋರ್ಡಿನಲ್ಲೇ ಇರುತ್ತದೆ: ವಿದ್ಯುತ್ತು, ಚಿಪ್ಪನ್ನು ಮೊದಲಿನಿಂದ ಶುರು ಮಾಡಿಸುವ ರೀಸೆಟ್, ಅದಕ್ಕೆ ತಾಳ ಕೊಡುವ ಕ್ಲಾಕ್, ಇಲ್ಲವೇ ಸಂಪರ್ಕ.

ಎಟಿಮೆಗಾ 328ಪಿ ಅನ್ನುವ ಮೈಕ್ರೊಕಂಟ್ರೋಲರ್ ಚಿಪ್ಪನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದಕ್ಕೆ ಪ್ರೋಗ್ರಾಮರ್‌ನಿಂದ, ಅಂದರೆ ಕಂಪ್ಯೂಟರಿಗೆ ಜೋಡಿಸಿ ಚಿಪ್ಪಿಗೆ ಬರೆಯುವ ಸಾಧನದಿಂದ, ಆರು ತಂತಿ ಬೇಕು: ಮಾಹಿತಿ ಸಾಗುವ ಮಿಸೊ ಮತ್ತು ಮೊಸಿ, ಅದಕ್ಕೆ ತಾಳ ಕೊಡುವ ಎಸ್‌ಸಿಕೆ, ರೀಸೆಟ್, ವಿದ್ಯುತ್ತು, ಗ್ರೌಂಡ್. ರೀಸೆಟ್ ಪಿನ್ನಿನಿಂದ ವಿದ್ಯುತ್ತಿಗೆ 10 ಕಿಲೋಓಮ್ ರೆಸಿಸ್ಟರ್ ಇರಲಿ. ಚಿಪ್ಪಿನ ಪ್ರತಿ ವಿದ್ಯುತ್ ಪಿನ್ನಿನ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೂರಲಿ. ಬೋರ್ಡಿನ ಮೂಲೆಯಲ್ಲಿ ಕೂತರೆ ಅದು ಇದ್ದೂ ಇಲ್ಲದಂತೆ. ತಂತಿ ಒಂದು ಗೇಣಿಗಿಂತ ಉದ್ದ ಬೇಡ.

ಎಲ್ಲ ಜೋಡಿಸಿದ ಮೇಲೂ ತಕ್ಷಣ ಬರೆಯಲು ಹೋಗಬೇಡಿ. ಮೊದಲು ಚಿಪ್ಪಿನ ಗುರುತು, ಅಂದರೆ ಸಿಗ್ನೇಚರ್, ಮಾತ್ರ ಓದಿಸಿ. 328ಪಿ ಆಗಿದ್ದರೆ 1ಇ, 95, 0ಎಫ್ ಅಂತ ಬರಬೇಕು. ಕೊನೆಯಲ್ಲಿ 14 ಬಂದರೆ ಅದು ಪಿ ಇಲ್ಲದ 328. ಎಲ್ಲ ಸೊನ್ನೆ ಅಥವಾ ಎಲ್ಲ ಎಫ್ಎಫ್ ಬಂದರೆ ಚಿಪ್ಪು ಮಾತಾಡುತ್ತಲೇ ಇಲ್ಲ: ವಿದ್ಯುತ್ತು, ರೀಸೆಟ್, ತಂತಿ ನೋಡಿ. ಓದಿದಾಗಲೆಲ್ಲ ಬೇರೆ ಬೇರೆ ಅಂಕಿ ಬಂದರೆ ವೇಗ ಹೆಚ್ಚಾಗಿದೆ, ಇಲ್ಲವೇ ಸಂಪರ್ಕ ಸಡಿಲ. ಸತತ ಐದಾರು ಸಲ ಒಂದೇ ಉತ್ತರ ಬರುವ ತನಕ ಮುಂದಿನ ಹೆಜ್ಜೆ ಇಡದಿರುವುದೇ ಲೇಸು.

ವೇಗದ ವಿಷಯ ಬಿಡಿಸಿ ಹೇಳಬೇಕು, ಹೊಸಬರು ಎಡವುವುದು ಇಲ್ಲೇ. ಕಾರ್ಖಾನೆಯಿಂದ ಬಂದ 328ಪಿ ಒಳಗಿನ 8 ಮೆಗಾಹರ್ಟ್ಸ್ ಕ್ಲಾಕನ್ನು ಎಂಟರಿಂದ ಭಾಗಿಸಿ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿರುತ್ತದೆ. ಎಸ್‌ಸಿಕೆ ತಂತಿಯ ಪ್ರೋಗ್ರಾಮಿಂಗ್ ಕ್ಲಾಕ್ ಅದರ ನಾಲ್ಕನೇ ಒಂದು ಭಾಗಕ್ಕಿಂತ, ಅಂದರೆ 250 ಕಿಲೋಹರ್ಟ್ಸ್‌ಗಿಂತ, ಕಡಿಮೆ ಇರಲೇಬೇಕು. ಚಿಪ್ಪಿಗೆ ಬರೆಸುವ ಎವಿಆರ್‌ಡ್ಯೂಡ್ ತಂತ್ರಾಂಶದಲ್ಲಿ ದೊಡ್ಡ ಬಿ ಆಯ್ಕೆಗೆ 10 ಅಂತ ಕೊಟ್ಟರೆ ಸುಮಾರು 100 ಕಿಲೋಹರ್ಟ್ಸ್ ಆಗುತ್ತದೆ, ನಿಶ್ಚಿಂತೆ. ಈ ನಿಧಾನದಲ್ಲೇ ಮೊದಲು ಅಳಿಸಿ, ಫ್ಯೂಸ್ ಬಿಟ್, ಅಂದರೆ ಚಿಪ್ಪು ಹೇಗೆ ನಡೆಯಬೇಕು ಅಂತ ನಿಗದಿ ಮಾಡುವ ಒಳಗಿನ ಆಯ್ಕೆಗಳನ್ನು, ಬರೆಯಿರಿ. ಕೆಳಗಿನ ಫ್ಯೂಸ್, ಅಂದರೆ ಲೋ ಫ್ಯೂಸ್, ಇ2 ಆದರೆ ಚಿಪ್ಪು ಪೂರ್ತಿ 8 ಮೆಗಾಹರ್ಟ್ಸ್‌ಗೆ ಏರುತ್ತದೆ. ಆಮೇಲೆ ಪ್ರೋಗ್ರಾಮನ್ನು ವೇಗವಾಗಿ ತುಂಬಬಹುದು.

ಕ್ಲಾಕ್ ಕೊಡಲು ಹೊರಗಿನ ಕ್ರಿಸ್ಟಲ್ ಬೇಕೇ? ಮಳೆ ಎಣಿಸುವ ಕೆಲಸಕ್ಕೆ ಬೇಡವೇ ಬೇಡ. ಇಂಥ ಬೋರ್ಡಿನ 3.3 ವೋಲ್ಟಿನಲ್ಲಿ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಓಡಿಸುವುದು ತಯಾರಕರು ಕೊಟ್ಟ ಮಿತಿಯ ಹೊರಗಿನ ಮಾತು. ಅದೂ ಅಲ್ಲದೆ, ಕ್ರಿಸ್ಟಲ್ ಫ್ಯೂಸ್ ಬರೆದ ಮೇಲೆ ಅದರ ಬೆಸುಗೆ ಸರಿಯಿಲ್ಲದಿದ್ದರೆ ಚಿಪ್ಪು ಮೂಕಾಗುತ್ತದೆ. ಸತ್ತಿತು ಅಂತ ಕಿತ್ತು ಎಸೆಯಬೇಡಿ. ಕ್ರಿಸ್ಟಲ್ ಜೋಡಿಸುವ ಎಕ್ಸ್‌ಟಾಲ್ 1 ಪಿನ್ನಿಗೆ ಹೊರಗಿನಿಂದ ಕ್ಲಾಕ್ ಕೊಟ್ಟರೆ ಸಾಮಾನ್ಯವಾಗಿ ಮತ್ತೆ ಉತ್ತರಿಸುತ್ತದೆ, ಫ್ಯೂಸ್ ತಿದ್ದಬಹುದು. ರೀಸೆಟ್ ಪಿನ್ನನ್ನೇ ನಿಷ್ಕ್ರಿಯ ಮಾಡುವ ಫ್ಯೂಸನ್ನು ಮಾತ್ರ ಮುಟ್ಟಬೇಡಿ. ಅದು ಹೋದರೆ ಈ ಆರು ತಂತಿಯ ದಾರಿಯೇ ಮುಚ್ಚಿತು. ಮತ್ತೆ ತೆರೆಯಲು 12 ವೋಲ್ಟಿನ ಬೇರೆ ಬಗೆಯ ಪ್ರೋಗ್ರಾಮರ್ ಬೇಕು.

ಇನ್ನೆರಡು ಫ್ಯೂಸು ನಮ್ಮ ಮಳೆಗಾಲಕ್ಕೆಂದೇ ಇರುವಂಥವು. ದಿನಗಟ್ಟಲೆ ಬಿಸಿಲಿಲ್ಲದೆ ಬ್ಯಾಟರಿ ಕುಸಿದಾಗ, ಅರೆಬರೆ ವೋಲ್ಟೇಜಿನಲ್ಲಿ ಓಡುವ ಚಿಪ್ಪು, ವಿದ್ಯುತ್ತು ಹೋದರೂ ಉಳಿಯುವ ಇಇಪ್ರಾಮ್ ಮೆಮೊರಿಯಲ್ಲಿ ಇಟ್ಟ ಲೆಕ್ಕವನ್ನು ಕೆಡಿಸಬಹುದು. ಬ್ರೌನ್‌ಔಟ್ ಮಟ್ಟವನ್ನು, ಅಂದರೆ ವೋಲ್ಟೇಜು ಅದಕ್ಕಿಂತ ಇಳಿದರೆ ಚಿಪ್ಪು ರೀಸೆಟ್‌ನಲ್ಲೇ ನಿಲ್ಲುವ ಮಟ್ಟವನ್ನು, 2.7 ವೋಲ್ಟಿಗೆ ಇಡಿ: ವಿಸ್ತೃತ ಫ್ಯೂಸ್ ಎಫ್‌ಡಿ. ಮತ್ತೆ ಫರ್ಮ್‌ವೇರ್ ತುಂಬಿದಾಗ ಹಳೆಯ ಲೆಕ್ಕ ಅಳಿಯದಿರಬೇಕಾದರೆ ಮೇಲಿನ ಫ್ಯೂಸನ್ನು, ಅಂದರೆ ಹೈ ಫ್ಯೂಸನ್ನು, ಡಿ9ರಿಂದ ಡಿ1ಕ್ಕೆ ಬದಲಿಸಿ.

ಲೆಕ್ಕವನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ ಮಾಡ್ಯೂಲ್ ಇರುವ ಬೋರ್ಡಿನಲ್ಲಿ ಇನ್ನೊಂದು ಕಾಟ. ಮಾಡ್ಯೂಲ್ ಕೂಡ ಅವೇ ಮಿಸೊ, ಮೊಸಿ, ಎಸ್‌ಸಿಕೆ ತಂತಿಗಳಲ್ಲಿ ಕೂತಿರುತ್ತದೆ. ಚಿಪ್ಪು ರೀಸೆಟ್‌ನಲ್ಲಿರುವಾಗ ಮಾಡ್ಯೂಲನ್ನು ಮಾತಿಗೆ ಕರೆಯುವ ಸೆಲೆಕ್ಟ್ ಪಿನ್ನಿಗೆ ಒಡೆಯನಿಲ್ಲ. ಅದು ತೇಲುತ್ತಾ ಒಮ್ಮೆ ಕೆಳಗಿಳಿದರೆ ಮಾಡ್ಯೂಲು ನಡುವೆ ಬಾಯಿ ಹಾಕಿ ಮಿಸೊ ತಂತಿಯನ್ನು ಕೆಡಿಸುತ್ತದೆ. ಬೆಳಿಗ್ಗೆ ಸರಿ, ಸಂಜೆ ತಪ್ಪು ಅನ್ನುವ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ. ಸೆಲೆಕ್ಟ್ ಪಿನ್ನಿನಿಂದ 3.3 ವೋಲ್ಟಿಗೆ ಒಂದು 10 ಕಿಲೋಓಮ್ ಹಾಕಿದರೆ ಮುಗಿಯಿತು, ಒಂದು ರೂಪಾಯಿಯ ಕೆಲಸ. ಆದರೆ 5 ವೋಲ್ಟಿನ ಪ್ರೋಗ್ರಾಮರ್ ಜೋಡಿಸಿದಿರೋ, ಮಾಡ್ಯೂಲೇ ಸುಡಬಹುದು. ಎಷ್ಟೋ ಅಗ್ಗದ ಪ್ರೋಗ್ರಾಮರ್‌ಗಳಲ್ಲಿ ಜಂಪರ್ ಬದಲಿಸಿದರೂ ವಿದ್ಯುತ್ತು ಮಾತ್ರ 3.3ಕ್ಕೆ ಇಳಿಯುತ್ತದೆ, ಸಂಕೇತದ ತಂತಿಗಳು 5ರಲ್ಲೇ ಉಳಿಯುತ್ತವೆ. ನಡುವೆ ಸಂಕೇತವನ್ನು 5ರಿಂದ 3.3ಕ್ಕೆ ಇಳಿಸುವ ಲೆವೆಲ್ ಶಿಫ್ಟರ್ ಇರಲಿ.

328ಪಿ ಬದಲು ಇಎಸ್‌ಪಿ32 ಅನ್ನುವ ಚಿಪ್ಪು ಬಳಸುವವರಿಗೆ ಎರಡು ಮಾತು. ಸೊನ್ನೆಯ ಪಿನ್ ಕೆಳಮಟ್ಟದಲ್ಲಿರುವಾಗ ರೀಸೆಟ್ ಆದರೆ ಮಾತ್ರ ಅದು ಫರ್ಮ್‌ವೇರ್ ಸ್ವೀಕರಿಸುತ್ತದೆ. ಚಿಪ್ಪನ್ನು ಎಬ್ಬಿಸುವ ಇಎನ್ ಪಿನ್ನಿಗೆ 10 ಕಿಲೋಓಮ್ ಮತ್ತು 1 ಮೈಕ್ರೊಫ್ಯಾರಡ್ ಇಲ್ಲದಿದ್ದರೆ ವಿದ್ಯುತ್ತು ನೆಲೆಗೊಳ್ಳುವ ಮೊದಲೇ ಎದ್ದು ತಬ್ಬಿಬ್ಬಾಗುತ್ತದೆ. 12ನೇ ಪಿನ್ನಿಗೆ ಮೇಲೆಳೆಯುವ ರೆಸಿಸ್ಟರ್ ಹಾಕಬೇಡಿ, ಫ್ಲ್ಯಾಶ್ ಮೆಮೊರಿಯ ವೋಲ್ಟೇಜೇ 1.8ಕ್ಕೆ ಬದಲಾಗಿಬಿಡುತ್ತದೆ. ವಿದ್ಯುತ್ ಮೂಲ 500 ಮಿಲಿಆಂಪಿಯರ್ ಕೊಡುವಂತಿರಲಿ. ತುಂಬುವುದು ನಡುವೆ ನಿಂತುಹೋದರೆ ವೇಗವನ್ನು ಸೆಕೆಂಡಿಗೆ 115200 ಬಿಟ್‌ಗೆ ಇಳಿಸಿ. ಯುಎಸ್‌ಬಿ ಕೇಬಲ್ ಚಾರ್ಜಿಂಗಿಗೆ ಮಾತ್ರ ಆಗುವಂಥದ್ದಲ್ಲ ಅಂತಲೂ ನೋಡಿಕೊಳ್ಳಿ.

ಹತ್ತಕ್ಕಿಂತ ಹೆಚ್ಚು ಬೋರ್ಡಿದ್ದರೆ ಕೈಯಲ್ಲಿ ತಂತಿ ಹಿಡಿಯುವುದು ಬೇಡ. ಸ್ಪ್ರಿಂಗ್ ಇರುವ ಪೋಗೊ ಪಿನ್ ಆರನ್ನು ಒಂದು ಚೌಕಟ್ಟಿಗೆ ಕೂರಿಸಿ, ಬೋರ್ಡಿನ ಪ್ಯಾಡುಗಳ ಮೇಲೆ ಒತ್ತುವಂತೆ ಮಾಡಿ. ಗ್ರೌಂಡ್ ಪಿನ್ ಉಳಿದವಕ್ಕಿಂತ ತುಸು ಎತ್ತರವಿದ್ದರೆ ಮೊದಲು ಅದೇ ತಾಗುತ್ತದೆ. ಜೂನ್ ಜುಲೈನ ಥಂಡಿಯಲ್ಲಿ ಬೆಸುಗೆಯ ನಂತರ ಪ್ಯಾಡಿನ ಮೇಲೆ ಉಳಿದ ಫ್ಲಕ್ಸ್ ತೇವ ಹೀರಿ ಅಂಟಾಗುತ್ತದೆ, ಪಿನ್ ತಾಗಿದಂತೆ ಕಂಡರೂ ತಾಗಿರುವುದಿಲ್ಲ. ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಬ್ರಶ್ಶಿನಲ್ಲಿ ಉಜ್ಜಿ, ಒಣಗಿಸಿ ಕೂರಿಸಿ.

ಬರೆದದ್ದನ್ನು ಪ್ರತಿ ಸಲ ವೆರಿಫೈ ಮಾಡಿ, ಅಂದರೆ ಮತ್ತೆ ಓದಿಸಿ ಹೋಲಿಸಿ. ಬೇರೆಯವರು ಓದದಂತೆ ತಡೆಯುವ ಲಾಕ್ ಬಿಟ್ ಹಾಕುವುದಿದ್ದರೆ ಅದು ಕಟ್ಟಕಡೆಗೆ, ಲಾಕ್ ಆದ ಮೇಲೆ ಓದಿ ಹೋಲಿಸಲು ಆಗದು. ಆದರೆ ವೆರಿಫೈ ಹೇಳುವುದು ಮೆಮೊರಿಯೊಳಗೆ ಸರಿಯಾಗಿ ಕೂತಿದೆ ಅಂತ ಮಾತ್ರ, ಬೋರ್ಡು ಕೆಲಸ ಮಾಡುತ್ತದೆ ಅಂತಲ್ಲ. ಮಳೆಮಾಪಕದ ಬಟ್ಟಲು ಒಂದು ಸಲ ವಾಲಿದರೆ 0.2 ಮಿಲಿಮೀಟರ್ ಅನ್ನುವ ಲೆಕ್ಕವಾದರೆ, ವಾಲಿದ್ದನ್ನು ಗುರುತಿಸುವ ರೀಡ್ ಸ್ವಿಚ್ಚಿನ ಮುಂದೆ ಅಯಸ್ಕಾಂತವನ್ನು ಐದು ಸಲ ಆಡಿಸಿ: ಮನೆಯ ರಿಸೀವರಿನಲ್ಲಿ ಸರಿಯಾಗಿ 1 ಮಿಲಿಮೀಟರ್ ಬರಬೇಕು. ಇಂಚಿನಲ್ಲಿ ಲೆಕ್ಕ ಇಡುವವರಿಗೆ 127 ಸಲ ವಾಲಿದರೆ ಒಂದು ಇಂಚು.

ಇಷ್ಟಾದ ಮೇಲೆಯೇ ತೇವ ತಡೆಯುವ ಲೇಪನ. ಲೇಪನ ಹಚ್ಚುವಾಗ ಆ ಆರು ಪ್ಯಾಡಿನ ಮೇಲೆ ಟೇಪ್ ಅಂಟಿಸಿರಿ, ಮುಂದಿನ ಆವೃತ್ತಿ ತುಂಬಲು ಮತ್ತೆ ಅವೇ ಬೇಕು. ಫರ್ಮ್‌ವೇರ್ ಆವೃತ್ತಿ, ಮೂರು ಫ್ಯೂಸ್‌ಗಳಿಗೆ ಬರೆದ ಅಂಕಿ, ತುಂಬಿದ ದಿನಾಂಕ ಇವಿಷ್ಟನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿ. ಹೊರಗೆ ಅಂಟಿಸಿದರೆ ಆಗಸ್ಟ್ ತನಕವೂ ಬಾಳದು.

ನಮಸ್ಕಾರ.